ಟಿಕೆಟ್ ಆಕಾಂಕ್ಷಿಗಳಿಗೆ, ಫಾರಂ 57ರ ಅರ್ಜಿದಾರನಿಂದ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಸರ್ವಪಕ್ಷಗಳ ಟಿಕೆಟ್ ಆಕಾಂಕ್ಷಿಗಳಿಗೆ,



ಮೂರು ಕ್ಷೇತ್ರದವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮನೆ ಒಂದು ತಾಲೂಕಿನಲ್ಲಿ, ಹೆಂಡತಿಯ ತವರು ಇನ್ನೊಂದರಲ್ಲಿ, ಮಗಳನ್ನು ಕೊಟ್ಟದ್ದು ಮತ್ತೊಂದಕ್ಕೆ. ಹಾಗಾಗಿ ಯಾರ ಮನೆಯ ಒಕ್ಕಲಿಗೆ ಹೋಗಿ ಊಟಕ್ಕೆ ಕೂತರೂ ನಿಮ್ಮಲ್ಲಿ ಒಬ್ಬರು ಪಂಕ್ತಿಯ ನಡುವೆ ಕೈ ಮುಗಿದುಕೊಂಡು ಬಂದೇ ಬರುತ್ತೀರಿ. ಎಂಜಲು ಕೈಯಲ್ಲಿ ಎದ್ದು ನಿಲ್ಲುವ ಹಾಗೂ ಇಲ್ಲ, ಕೂತಲ್ಲಿಂದ ಮಾತಾಡುವ ಹಾಗೂ ಇಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಇವತ್ತೇ ಬರೆಯಲು ಕಾರಣ ಉಂಟು. ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಕಚೇರಿಯ ಬೆಂಚಿನಲ್ಲಿ ಕೂತು ಈಗಷ್ಟೇ ಮನೆಗೆ ಬಂದೆ. ಯಾವ ಕಚೇರಿ, ಯಾವ ತಾಲೂಕು ಎಂದು ಹೇಳುವುದಿಲ್ಲ. ಹೇಳಿದರೆ ನನ್ನ ಜಾಗದ ಫೈಲು ಕಪಾಟಿನಲ್ಲಿ ಇನ್ನೂ ಒಂದು ಅಂತಸ್ತು ಕೆಳಗೆ ಹೋಗುತ್ತದೆ. ಬೆಳಗ್ಗೆ ಸರ್ವರ್ ಇರಲಿಲ್ಲ. ಸರ್ವರ್ ಬಂದಾಗ ಕೇಸ್ ವರ್ಕರ್ ಇರಲಿಲ್ಲ. ಕೇಸ್ ವರ್ಕರ್ ಬಂದಾಗ ಫೈಲು ಇರಲಿಲ್ಲ. ಊಟದ ಮೇಲೆ ಸಾಹೇಬರು ಫೀಲ್ಡಿಗೆ ಹೋದರು. ಫೀಲ್ಡು ಎಂದರೆ ನನ್ನ ಜಾಗ ಇರುವ ಕಡೆ ಅಲ್ಲ ಎಂಬುದು ಮಾತ್ರ ನನಗೆ ಖಾತ್ರಿ.

ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗ ಕೂತಿದ್ದ. ಅವನೂ ತಂದೆಯ ಫೈಲು ಹುಡುಕಲು ಬಂದವನೇ. ಹೊತ್ತು ಕಳೆಯಲಿಕ್ಕೆ ಅಮೆರಿಕದ ರಾಜಕೀಯ ಹೇಳಿದ. ಅಲ್ಲಿ ಅಧ್ಯಕ್ಷ ಚುನಾವಣೆಗೆ ಮೊದಲು ಪ್ರೈಮರಿ ಎಂದು ಒಂದು ಉಂಟಂತೆ, ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನರೇ ವೋಟು ಹಾಕುತ್ತಾರಂತೆ. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯಗಳಲ್ಲಿ ದೊಡ್ಡ ದೊಡ್ಡ ಆಕಾಂಕ್ಷಿಗಳು ತಿಂಗಳುಗಟ್ಟಲೆ ಹೋಟೆಲು, ಸಂತೆ ಸುತ್ತಿ ರೈತರ ಕೈ ಕುಲುಕುತ್ತಾರಂತೆ. ಆ ಎರಡು ಪಕ್ಷಗಳ ತತ್ವಗಳು ಅದಲುಬದಲಾಗಿರುವ ಬೇರೊಂದು ಲೋಕ ಇದ್ದಿದ್ದರೆ ಯಾರು ಯಾರ ಟಿಕೆಟ್ ಕೇಳುತ್ತಿದ್ದರು ಎಂದು ಊಹಿಸಿ ಆಡುವವರೂ ಇದ್ದಾರಂತೆ. ಊಹೆ ಯಾಕೆ ಬೇಕು, ಅಲ್ಲಿ ನಿಜವಾಗಿಯೂ ಅದಲುಬದಲು ಆಗಿದೆ ಎಂದ. ಗುಲಾಮಗಿರಿ ಮುಗಿಸಿದ ಲಿಂಕನ್ ರಿಪಬ್ಲಿಕನ್. ಆಗ ಅದನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಜಮೀನ್ದಾರರ ಪಕ್ಷ ಡೆಮಾಕ್ರಟಿಕ್. ಅದೇ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಜಾನ್ಸನ್ 1964ರಲ್ಲಿ ಕಪ್ಪು ಜನರ ನಾಗರಿಕ ಹಕ್ಕಿನ ಕಾಯಿದೆಗೆ ಸಹಿ ಹಾಕಿದರು, ದಕ್ಷಿಣದ ಬಿಳಿಯರು ಮೆಲ್ಲಗೆ ಆಚೆ ಪಕ್ಷಕ್ಕೆ ದಾಟಿದರು. ಇಷ್ಟಾಗಲು ನೂರು ವರ್ಷ ಹಿಡಿಯಿತಂತೆ.

ನೂರು ವರ್ಷ! ಆ ಬೆಂಚಿನಲ್ಲಿ ಇಡೀ ದಿನದಲ್ಲಿ ನನಗೆ ನಗು ಬಂದದ್ದು ಆಗ ಮಾತ್ರ. ನಮ್ಮಲ್ಲಿ ಮತ ಎಣಿಕೆಯ ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ಆ ಕೆಲಸ ಆಗಿಬಿಡುತ್ತದೆ.

ನಮ್ಮ ನೇತ್ರಾವತಿಯನ್ನೇ ನೋಡಿ. ಅದಕ್ಕೆ ಬರುವ ನೀರನ್ನು ಬೇರೆ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಮಂಜೂರಾತಿ ಸಿಕ್ಕಿದಾಗ ಬೆಂಗಳೂರಿನಲ್ಲಿ ಇದ್ದದ್ದು ಬಿಜೆಪಿ ಸರಕಾರ. 2014ರಲ್ಲಿ ಶಿಲಾನ್ಯಾಸ ಮಾಡಿದ್ದು ಕಾಂಗ್ರೆಸ್ ಸರಕಾರ. 2019ರಿಂದ ಪುನಃ ಬಿಜೆಪಿ ಬಂತು, ಕಾಮಗಾರಿ ನಿಲ್ಲಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟಿಸಿದ್ದು ಕಾಂಗ್ರೆಸ್. ಇಷ್ಟರ ನಡುವೆ ಜಿಲ್ಲೆಯಲ್ಲಿ ನದಿ ಉಳಿಸಿ ಎಂದು ಕೂಗಿದವರ ಪಟ್ಟಿ ಮಾಡಿ. ಸರಕಾರ ಯಾರದ್ದೋ, ಅವರ ಜಿಲ್ಲಾ ಮುಖಂಡರಿಗೆ ಗಂಟಲು ನೋವು. ಸರಕಾರ ಹೋದ ಮರುದಿನ ಗಂಟಲು ಸರಿ. ಬಿಟ್ಟಿ ಭಾಗ್ಯದ ಕಥೆಯೂ ಅದೇ. 2022ರಲ್ಲಿ ಪ್ರಧಾನಿ ರೇವಡಿ ಮಿಠಾಯಿಯಂತೆ ಬಿಟ್ಟಿ ಹಂಚುವ ರಾಜಕೀಯ ದೇಶಕ್ಕೆ ಅಪಾಯ ಎಂದರು. 2023ರಲ್ಲಿ ಅವರದೇ ಪಕ್ಷದ ರಾಜ್ಯ ಪ್ರಣಾಳಿಕೆಯಲ್ಲಿ ಬಡವರಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ–ಚೌತಿ–ದೀಪಾವಳಿಗೆ ಒಂದೊಂದು ಗ್ಯಾಸ್ ಸಿಲಿಂಡರ್. ಆಚೆ ಕಡೆ, ಬಜರಂಗದಳದ ಮೇಲೆ ಕ್ರಮ ಎಂದು ಪ್ರಣಾಳಿಕೆಯಲ್ಲಿ ಬರೆದ ಕಾಂಗ್ರೆಸಿನವರು ವಾರ ಕಳೆಯುವುದರೊಳಗೆ ಆಂಜನೇಯನ ಗುಡಿ ಕಟ್ಟುವ ಮಾತಾಡಿದರು. ನಾನು ಬಸ್ಸಿನಲ್ಲಿ ಪುಕ್ಕಟೆ ಹೋಗುವ ಹೆಂಡತಿಯ ಪಕ್ಕ ಟಿಕೆಟ್ ತೆಗೆದು ಕೂರುವವನು, ಭಾಗ್ಯದ ಬಗ್ಗೆ ನನಗೆ ತಕರಾರಿಲ್ಲ. ಯಾರ ತತ್ವ ಯಾವುದು ಎಂದು ಕೇಳಿದೆ, ಅಷ್ಟೇ. ಕರ್ನಾಟಕದ 1964ರ ಗೋಹತ್ಯಾ ನಿಯಂತ್ರಣ ಕಾಯಿದೆ ಮಾಡಿದ್ದು ನಿಜಲಿಂಗಪ್ಪನವರ ಕಾಂಗ್ರೆಸ್ ಸರಕಾರ ಎಂದು ಮೊನ್ನೆ ಒಬ್ಬ ಯುವ ಆಕಾಂಕ್ಷಿಗೆ ಹೇಳಿದೆ. ಆತ ನನ್ನನ್ನು ಎದುರು ಪಾರ್ಟಿಯವನು ಎಂದುಕೊಂಡ. ಯಾವ ಪಾರ್ಟಿಯ ಆಕಾಂಕ್ಷಿ ಎಂದು ನೀವೇ ಊಹಿಸಿ. ಎರಡೂ ಉತ್ತರ ಸರಿ.

ವ್ಯಕ್ತಿಗಳ ವಿಷಯಕ್ಕೆ ಬಂದರೆ ಬೆಳ್ತಂಗಡಿಗೆ ಮೊದಲ ಮಣೆ ಹಾಕಬೇಕು. ಕೆ. ವಸಂತ ಬಂಗೇರರು 1983 ಮತ್ತು 1985ರಲ್ಲಿ ಬಿಜೆಪಿಯಿಂದ ಗೆದ್ದರು, 1994ರಲ್ಲಿ ಜನತಾದಳದಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸಿನಿಂದ. ನಡುವೆ ಅವರ ಸಹೋದರ ಪ್ರಭಾಕರ ಬಂಗೇರರು ಬಿಜೆಪಿಯಿಂದ ಶಾಸಕರಾದರು. ವಸಂತ ಬಂಗೇರರು 2024ರಲ್ಲಿ ತೀರಿಕೊಂಡರು, ಅವರ ಬಗ್ಗೆ ಹಗುರ ಮಾತು ನನಗೆ ಬೇಡ. ಅವರು ಯಾವ ಪಕ್ಷದಲ್ಲಿದ್ದರೂ ಬಂಗೇರರೇ ಆಗಿದ್ದರು. ಬೈದರೆ ಮುಖಕ್ಕೇ ಬೈಯುತ್ತಿದ್ದರು, ಕೆಲಸ ಮಾಡಿಸಿದರೆ ಫೋನೆತ್ತಿ ಮಾಡಿಸುತ್ತಿದ್ದರು. ನೀವು ಅವರಿಂದ ಪಕ್ಷ ಬದಲಿಸುವುದನ್ನು ಮಾತ್ರ ಕಲಿತಿರಿ.

ಪುತ್ತೂರು ನಮಗೆ ಬೇಲಿಯಾಚೆ. 2023ರಲ್ಲಿ ಅಲ್ಲಿ ಗೆದ್ದ ಕಾಂಗ್ರೆಸಿನ ಅಶೋಕ್ ಕುಮಾರ್ ರೈಯವರು ಅದಕ್ಕೆ ಮೊದಲು ಬಿಜೆಪಿಯಲ್ಲಿದ್ದವರು. ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರ ನಿಂತ ಅರುಣ್ ಕುಮಾರ್ ಪುತ್ತಿಲರು ಎರಡನೇ ಸ್ಥಾನಕ್ಕೆ ಬಂದರು, ಅಧಿಕೃತ ಅಭ್ಯರ್ಥಿಗೆ ಮೂರನೇ ಸ್ಥಾನ, ಮರುವರ್ಷ ಪುತ್ತಿಲರು ಬಿಜೆಪಿಗೇ ಹೋದರು. ಅಮೆರಿಕದವರು ಮೊದಲು ಪ್ರೈಮರಿ ಮಾಡಿ ಆಮೇಲೆ ಚುನಾವಣೆ ಮಾಡುತ್ತಾರೆ. ನಾವು ಒಂದೇ ದಿನ ಎರಡನ್ನೂ ಮುಗಿಸಿ ಖರ್ಚು ಉಳಿಸಿದೆವು. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಂತೂ 2023ರ ಏಪ್ರಿಲಿನಲ್ಲಿ ಕಾಂಗ್ರೆಸಿಗೆ ಬಂದು 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದರು. ಲಿಂಕನ್ನನ ಊರಿನಲ್ಲಿ ಇಷ್ಟಕ್ಕೆ ಎಷ್ಟು ತಲೆಮಾರು ಬೇಕಿತ್ತೋ. ಯಕ್ಷಗಾನದಲ್ಲಿ ರಾತ್ರಿ ದೇವೇಂದ್ರ ಮಾಡಿದವನು ಬೆಳಗಿನ ಜಾವ ರಾಕ್ಷಸನಾಗಿ ಬರುವುದುಂಟು, ಆದರೆ ಅವನು ನಡುವೆ ಚೌಕಿಗೆ ಹೋಗಿ ಬಣ್ಣ ಒರೆಸಿಕೊಳ್ಳುತ್ತಾನೆ. ನೀವು ಶಾಲು ಮಾತ್ರ ಬದಲಿಸಿ ಅದೇ ಬಣ್ಣದಲ್ಲಿ ರಂಗಸ್ಥಳಕ್ಕೆ ಬರುತ್ತೀರಿ.

ಇಲ್ಲಿ ನಗು ನಿಲ್ಲಿಸುತ್ತೇನೆ. ಈ ಜಿಲ್ಲೆಯಲ್ಲಿ, ಮುಖ್ಯವಾಗಿ ಬಂಟ್ವಾಳದ ಸುತ್ತ, ಅದೇ ತತ್ವದ ಹೆಸರಿನಲ್ಲಿ ಎಳೆಯ ಹುಡುಗರು ಕಡಿಸಿಕೊಂಡು ಸತ್ತಿದ್ದಾರೆ. ಎರಡೂ ಕಡೆಯವರು. ಒಂದೊಂದು ಹೆಣ ಬಿದ್ದಾಗಲೂ ಬಿ.ಸಿ. ರೋಡಿನಲ್ಲಿ ಅಂಗಡಿ ಬಾಗಿಲು ಹಾಕಿದೆ, ಬಸ್ಸು ನಿಂತಿದೆ. ಅವರ ಶವಯಾತ್ರೆಯಲ್ಲಿ ನಡೆದು ನೀವು ನಾಯಕರಾದಿರಿ. ಆಮೇಲೆ ಟಿಕೆಟ್ ಸಿಗಲಿಲ್ಲ ಎಂದು ಆಚೆ ಮನೆಗೆ ಹೋಗಿ ಕಾಫಿ ಕುಡಿದಿರಿ. ಸತ್ತ ಹುಡುಗರ ತಾಯಂದಿರಿಗೆ ಬೇರೆ ಲೋಕ ಇಲ್ಲ. ಇದನ್ನು ವ್ಯಂಗ್ಯ ಮಾಡಿ ಬರೆಯಲು ನನ್ನಿಂದ ಆಗುವುದಿಲ್ಲ.

ಸರಿ, ಟಿಕೆಟ್. ನಮ್ಮ ಪ್ರೈಮರಿ ಹೇಗೆ ನಡೆಯುತ್ತದೆ ಎಂದು ಬೆಂಚಿನ ಕಾಲೇಜು ಹುಡುಗ ಕೇಳಿದ. ಹೇಳಿದೆ. 2023ರ ಚುನಾವಣೆಗೆ ಮೊದಲು ಕಾಂಗ್ರೆಸಿನಲ್ಲಿ ಅರ್ಜಿಗೆ 5,000 ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರಾದರೆ 2 ಲಕ್ಷದ ಡಿಡಿ. ಬಿಜೆಪಿಯಲ್ಲಿ ಆ ವರ್ಷ ಮಾರ್ಚ್ ಕೊನೆಗೆ ಪದಾಧಿಕಾರಿಗಳಿಂದಲೇ ಮತ ಹಾಕಿಸಿ ಹೆಸರು ಕೇಳಿದರು, ಮತಪೆಟ್ಟಿಗೆ ಬೆಂಗಳೂರಿಗೆ ಹೋಯಿತು, ಪಟ್ಟಿ ದಿಲ್ಲಿಯಿಂದ ಬಂತು. ದಾರಿಯಲ್ಲಿ ಏನಾಯಿತು ಎಂದು ಪೆಟ್ಟಿಗೆಗೂ ಗೊತ್ತಿಲ್ಲ. ಸುಳ್ಯದಲ್ಲಿ ಆರು ಸಲ ಗೆದ್ದ ಅಂಗಾರರಿಗೆ ಟಿಕೆಟ್ ಇಲ್ಲ ಎಂದು ಆ ಪಟ್ಟಿ ನೋಡಿದ ಮೇಲೆಯೇ ನಮಗೆಲ್ಲ ತಿಳಿದದ್ದು. ನೋಡಿ, ಚುನಾವಣಾ ಆಯೋಗಕ್ಕೆ ಕಟ್ಟುವ ಠೇವಣಿ 10,000. ಆ ವರ್ಷ ಪಕ್ಷಕ್ಕೆ ಕಟ್ಟಿದ್ದು 2 ಲಕ್ಷ. ವಿಧಾನಸಭೆಗಿಂತ ಪಕ್ಷದ ಬಾಗಿಲು ಎಷ್ಟು ದೊಡ್ಡದು ಎಂದು ಇದರಿಂದ ಲೆಕ್ಕ ಹಾಕಬಹುದು.

ನಾನೂ ಅರ್ಜಿ ಹಾಕಿದವನೇ ಮಾರಾಯ್ರೆ. ನಿಮ್ಮದು ಟಿಕೆಟಿಗೆ, ನನ್ನದು ಜಾಗಕ್ಕೆ. ತೋಟದ ಹಿಂದೆ ಸ್ವಲ್ಪ ಸರಕಾರಿ ಜಾಗ ಉಂಟು. ನನ್ನ ತಂದೆ ಅಗೆದು ಅಡಿಕೆ ನೆಟ್ಟದ್ದು. ಸಕ್ರಮ ಮಾಡಿಕೊಡಿ ಎಂದು 1991ರಲ್ಲಿ ಬಂಗಾರಪ್ಪನವರ ಕಾಂಗ್ರೆಸ್ ಸರಕಾರ ಇದ್ದಾಗ ತಂದೆ ಹಾಕಿದ್ದು ಫಾರಂ 50. ಆಮೇಲೆ ಜೆ.ಎಚ್. ಪಟೇಲರ ಜನತಾದಳ ಸರಕಾರದ ಕಾಲಕ್ಕೆ ಫಾರಂ 53. ತಂದೆ ತೀರಿಕೊಂಡರು. 2018ರಲ್ಲಿ ಫಾರಂ 57 ಬಂತು, ನಾನು ಹಾಕಿದೆ. ನೀವು ಕಾಂಗ್ರೆಸ್, ದಳ, ಬಿಜೆಪಿ ಎಂದು ಸುತ್ತಿದ ಹಾಗೆ ನನ್ನ ಮನೆಯವರು 50, 53, 57 ಎಂದು ಸುತ್ತಿದೆವು. ವ್ಯತ್ಯಾಸ ಇಷ್ಟೇ, ನೀವು ಸುತ್ತಿದಲ್ಲೆಲ್ಲ ಏನೋ ಒಂದು ಸಿಕ್ಕಿತು.

ಒಮ್ಮೆ ಆ ಜಾಗ ಡೀಮ್ಡ್ ಫಾರೆಸ್ಟ್ ಎಂದರು. ಒಮ್ಮೆ ಪಕ್ಕದ ವರ್ಗ ಜಮೀನಿನವರ ಕುಮ್ಕಿ ಎಂದರು. ಕುಮ್ಕಿ ಎಂದರೆ ಮದರಾಸು ಸರಕಾರದ ಕಾಲದಿಂದ ಬಂದ ಸೌಲಭ್ಯ, ಸೊಪ್ಪು ಕಟ್ಟಿಗೆ ತೆಗೆಯಬಹುದು, ಜಾಗ ಸರಕಾರದ್ದೇ. ವಿರೋಧ ಪಕ್ಷದಲ್ಲಿದ್ದಾಗ ನೀವೆಲ್ಲರೂ ಕುಮ್ಕಿ ರೈತರಿಗೆ ಹಕ್ಕು ಕೊಡಿ ಎಂದು ಮೈಕು ಹಿಡಿಯುತ್ತೀರಿ. ಆಡಳಿತಕ್ಕೆ ಬಂದ ಕೂಡಲೇ ಕಾನೂನು ತೊಡಕು ಉಂಟು ಎಂದು ಅದೇ ಮೈಕಿನಲ್ಲಿ ಹೇಳುತ್ತೀರಿ. ನಿಮ್ಮ ಭಾಷಣಗಳನ್ನು ಅದಲುಬದಲು ಮಾಡಿ ಓದಿಸಿದರೂ ನನ್ನ ಜಾಗಕ್ಕೆ ಗೊತ್ತಾಗುವುದಿಲ್ಲ.

ಈಗ ಉಪಗ್ರಹದ ಚಿತ್ರ ನೋಡಿ ತೀರ್ಮಾನವಂತೆ, ಆ್ಯಪ್ ಬಂದಿದೆ. 2005ಕ್ಕಿಂತ ಮೊದಲು ಕೃಷಿ ಇತ್ತೋ ಇಲ್ಲವೋ ಎಂದು ಆಕಾಶದಿಂದ ಕಾಣುತ್ತದಂತೆ. ಆಕಾಶದಿಂದ ನೋಡಿದರೆ ಅಡಿಕೆ ತೋಟವೂ ಹಸಿರು, ಗುಡ್ಡದ ಕಾಡೂ ಹಸಿರು. ಕೆಳಗೆ ಬಂದು ನೋಡಿ ಎಂದರೆ ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ. ಉಪಗ್ರಹಕ್ಕೆ ನನ್ನ ಮರ ಕಾಣುತ್ತದೆ, ಕೇಸ್ ವರ್ಕರಿಗೆ ಹತ್ತಡಿ ದೂರದ ಕಪಾಟಿನಲ್ಲಿ ಫೈಲು ಕಾಣುವುದಿಲ್ಲ.

ಕೊನೆಗೆ ಸಂಜೆ ಒಬ್ಬ ಪುಣ್ಯಾತ್ಮ ಫೈಲು ಹುಡುಕಿದ. ಎಲ್ಲ ಸರಿ ಉಂಟು, ಸಮಿತಿಗೆ ಇಡಬೇಕು ಎಂದ. ಸಮಿತಿ ಯಾವಾಗ? ಗೊತ್ತಿಲ್ಲ. ಯಾರು ಕರೆಯಬೇಕು? ಅಧ್ಯಕ್ಷರು. ಸಕ್ರಮದ ಅರ್ಜಿ ತೀರ್ಮಾನಿಸುವ ಈ ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಯಾರು ಎಂದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಕ್ಷೇತ್ರದ ಶಾಸಕರು. ಅಂದರೆ ನೀವು ಶಾಲು ಬದಲಿಸಿ, ಡಿಡಿ ಕಟ್ಟಿ, ದಿಲ್ಲಿಗೆ ಓಡಿ ಯಾವ ಕುರ್ಚಿ ಕೇಳುತ್ತಿದ್ದೀರೋ ಅದೇ ಕುರ್ಚಿ. ಅದರ ಕೆಲಸಗಳಲ್ಲಿ ಇದೂ ಒಂದು. ಈ ಕೆಲಸಕ್ಕೆ ಎಡವೂ ಬೇಡ, ಬಲವೂ ಬೇಡ. ದಿನಾಂಕ ಹಾಕಿ ನೋಟಿಸು ಕಳಿಸಿದರೆ ಸಾಕು, ಕಾರ್ಯದರ್ಶಿಯಾಗಿ ತಹಶೀಲ್ದಾರರು ಇದ್ದೇ ಇದ್ದಾರೆ.

ಹಾಗಾಗಿ ನನ್ನ ಪ್ರೈಮರಿಯಲ್ಲಿ ಪ್ರಶ್ನೆ ಒಂದೇ. ಗೆದ್ದರೆ ಸಮಿತಿಯ ಸಭೆಯನ್ನು ಯಾವ ತಿಂಗಳು ಕರೆಯುತ್ತೀರಿ? ತಿಂಗಳ ಹೆಸರು ಬರೆದು, ಸಹಿ ಹಾಕಿ ಕೊಡಿ. ಆಮೇಲೆ ನೀವು ಯಾವ ಪಕ್ಷಕ್ಕೆ ಬೇಕಾದರೂ ಹೋಗಿ, ನಾನು ಕೇಳುವುದಿಲ್ಲ. ಮೂರು ಕ್ಷೇತ್ರಗಳ ಓದುಗರಲ್ಲೂ ವಿನಂತಿ: ನಿಮ್ಮ ಮನೆಯಲ್ಲಿಯೂ 50, 53, 57 ಇದ್ದರೆ ಆಕಾಂಕ್ಷಿ ಕೈ ಮುಗಿದು ಬಂದಾಗ ಊಟದ ಎಲೆಯಿಂದ ಏಳಬೇಡಿ, ಆ ತಿಂಗಳು ಯಾವುದೆಂದು ಕೇಳಿ.

ಇತಿ,
ನಿಮ್ಮ ಒಬ್ಬ ಮತದಾರ