ನೀರಿನ ಮೇಲೆ ಗುಮಾನಿ

ಚೆನ್ನಾಗಿಯೇ ಓಡುತ್ತಿದ್ದ ಕಂಪ್ಯೂಟರೊಂದು ಇದ್ದಕ್ಕಿದ್ದಂತೆ ಆರಿಹೋದಾಗ ಮನೆಯೊಳಗೆ ನಡೆಯುವ ವಿಚಾರಣೆಯಲ್ಲಿ, ಅಪರಾಧದ ಹೊರೆಯು ನಿಜವಾದ ಅಪರಾಧಿಯ ತಲೆಗೆ ಬೀಳುವುದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಎದ್ದು ಕಾಣುವ ಅಂಗದ ತಲೆಗೆ ಬೀಳುತ್ತದೆ ಎಂಬುದನ್ನು ದುರಸ್ತಿ ಶಾಸ್ತ್ರದ ಮೊದಲ ಸೂತ್ರವೆಂದು ಒಪ್ಪಿಕೊಳ್ಳಬಹುದು. ಗಾಜಿನ ಬಾಗಿಲಿನ ಕ್ಯಾಬಿನೆಟ್ಟಿನಲ್ಲಿ ಬಣ್ಣಬಣ್ಣವಾಗಿ ಮಿನುಗುತ್ತ, ಎರಡು ದಪ್ಪ ಕಪ್ಪು ಕೊಳವೆಗಳನ್ನು ಇಳಿಬಿಟ್ಟುಕೊಂಡು ಕುಳಿತಿರುವ ಲಿಕ್ವಿಡ್ ಕೂಲರ್ ಇಂಥ ಆರೋಪಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅದೇ ಕ್ಯಾಬಿನೆಟ್ಟಿನ ಹಿಂಬದಿಯ ತಗಡಿನ ಮರೆಯಲ್ಲಿ ಗಂಟುಗಂಟಾಗಿ ತುರುಕಿರುವ ಕೇಬಲ್ಲುಗಳ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಆದರೆ ದುರಸ್ತಿಯಲ್ಲಿ ಪಳಗಿದ ಕೈಗಳು ಸ್ಕ್ರೂಡ್ರೈವರ್ ಹಿಡಿದು ಮೊದಲು ಬಿಚ್ಚುವುದು ಆ ಹಿಂಬದಿಯ ತಗಡನ್ನೇ.

ಕರೆಂಟಿನ ಹತ್ತಿರ ನೀರು ತರಬಾರದೆಂಬ ಮಾತನ್ನು ಬಾಲ್ಯದಿಂದಲೂ ಕೇಳಿಕೊಂಡು ಬೆಳೆದ ಸಮಾಜಕ್ಕೆ, ದುಡ್ಡು ಕೊಟ್ಟು ಕೊಂಡ ನೀರನ್ನು ದುಡ್ಡು ಕೊಟ್ಟು ಕೊಂಡ ಮದರ್‌ಬೋರ್ಡಿನ ನೆತ್ತಿಯ ಮೇಲೆ ಹರಿಸುವುದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವ ವಿಚಾರವಲ್ಲ. ಒಂದು ಕಾಲಕ್ಕೆ ಅದರ ಅಗತ್ಯವೂ ಇರಲಿಲ್ಲ: 1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿಯ ಪ್ರೊಸೆಸರಿಗೆ ಫ್ಯಾನಿರಲಿ, ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಪಟ್ಟಿಗಳ ಹೀಟ್ ಸಿಂಕ್ ಕೂಡ ಇರಲಿಲ್ಲ. 1985ರ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿನ ಬೋರ್ಡುಗಳನ್ನೇ ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿ ಇಟ್ಟಿದ್ದರು. ಅದು ಪ್ರಯೋಗಾಲಯಗಳ ವೈಭವ. 2004ರ ಹೊತ್ತಿಗೆ ಆಪಲ್ ಸಂಸ್ಥೆಯ ಪವರ್ ಮ್ಯಾಕ್ ಜಿ5ನಲ್ಲಿ ದ್ರವದ ತಂಪು ಮೇಜಿನ ಬಳಿಗೂ ಬಂದಿತು, ಅವುಗಳಲ್ಲಿ ಕೆಲವು ಮುಂದೆ ಸೋರಿದ್ದರಿಂದ ಹಿರಿಯರ ಮಾತಿಗೆ ಒಂದಿಷ್ಟು ತೂಕವೂ ಬಂದಿತು. ಆದರೆ ಇಂದು ಅಂಗಡಿಯಲ್ಲಿ ಸಿಗುವ, ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಮುಚ್ಚಿದ ‘ಆಲ್ ಇನ್ ಒನ್’ ಕೂಲರುಗಳ ವಿಷಯದಲ್ಲಿ ಸೋರಿಕೆ ಅಪರೂಪದ ಕಾಯಿಲೆ. ಅವು ಹೆಚ್ಚಾಗಿ ನರಳುವುದು ಬೇರೆ ಕಾರಣಗಳಿಗೆ.

ಈ ಯಂತ್ರದ ಅಂಗರಚನೆ ಸರಳ. ಪ್ರೊಸೆಸರಿನ ಮೇಲೆ ಒತ್ತಿ ಕೂರುವ ತಾಮ್ರದ ತಟ್ಟೆ, ಸಾಮಾನ್ಯವಾಗಿ ಅದರ ಮೇಲೆಯೇ ಕೂತ ಪುಟ್ಟ ಪಂಪು, ಎರಡು ಕೊಳವೆ, ಬಿಸಿಯಾದ ದ್ರವವನ್ನು ತೆಳು ರೆಕ್ಕೆಗಳ ನಡುವೆ ಹಾಯಿಸುವ ರೇಡಿಯೇಟರ್, ಅದಕ್ಕೆ ಗಾಳಿ ಬೀಸುವ ಫ್ಯಾನುಗಳು, ಇಷ್ಟೇ. ರೇಡಿಯೇಟರನ್ನು 240, 360 ಎಂದು ಮಿಲಿಮೀಟರಿನಲ್ಲಿ ಕರೆಯುವುದು ರೂಢಿಯಾದ್ದರಿಂದ, 360 ಎಂದರೆ 120 ಮಿಲಿಮೀಟರಿನ ಮೂರು ಫ್ಯಾನು ಸಾಲಾಗಿ ಕೂರುವಷ್ಟು ಉದ್ದವೆಂದು ತಿಳಿಯಬೇಕು. ಈ ಲೆಕ್ಕವನ್ನು ಕ್ಯಾಬಿನೆಟ್ ಕೊಳ್ಳುವ ಮೊದಲು ಮಾಡುವವರು ಒಂದು ಪಂಗಡ, ಕೊಂಡ ಮೇಲೆ ಮಾಡುವವರು ಇನ್ನೊಂದು ಪಂಗಡ, ಎರಡನೆಯವರ ಸಂಖ್ಯಾಬಲವೇ ಹೆಚ್ಚು. ದ್ರವವು ಬರಿಯ ನೀರಲ್ಲ, ತುಕ್ಕನ್ನೂ ಪಾಚಿಯನ್ನೂ ತಡೆಯುವ ರಾಸಾಯನಿಕಗಳು ಬೆರೆತ ನೀರು. ವರ್ಷಗಳು ಕಳೆದಂತೆ ಅದು ಕೊಳವೆಯ ಗೋಡೆಯ ಮೂಲಕವೇ ಕಣ್ಣಿಗೆ ಕಾಣದಂತೆ ಆವಿಯಾಗಿ ಹೊರಟುಹೋಗುತ್ತದೆ, ಅದರ ಜಾಗಕ್ಕೆ ಗಾಳಿ ಬಂದು ಸೇರಿಕೊಳ್ಳುತ್ತದೆ. ಗಾಳಿ ಯಾವಾಗಲೂ ಎತ್ತರದ ಜಾಗವನ್ನೇ ಹುಡುಕಿಕೊಂಡು ಹೋಗುವುದರಿಂದ, ಪಂಪೇ ಎಲ್ಲಕ್ಕಿಂತ ಮೇಲಿರುವಂತೆ ರೇಡಿಯೇಟರನ್ನು ತಳಕ್ಕೆ ಬಿಗಿದಿದ್ದರೆ ಆ ಗಾಳಿಯೆಲ್ಲ ಪಂಪಿನಲ್ಲಿ ನೆಲೆಸಿ ‘ಗುಳುಗುಳು’ ಎಂಬ ಸದ್ದು ಶುರುವಾಗುತ್ತದೆ. ಕೆಲವರು ಈ ಸದ್ದನ್ನು ಹಾರ್ಡ್ ಡಿಸ್ಕಿನದೆಂದೂ, ಇನ್ನು ಕೆಲವರು ಮೇಲಿನ ಮಹಡಿಯ ಪೈಪಿನದೆಂದೂ ತೀರ್ಮಾನಿಸಿ ಮಾಲೀಕರಿಗೆ ದೂರು ಕೊಡುವುದುಂಟು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮಾಳಿಗೆಯ ಕಡೆಗೆ ಬಿಗಿದರೆ ಗಾಳಿ ಅಲ್ಲಿಯೇ ತೆಪ್ಪಗೆ ಕೂರುತ್ತದೆ.

ಪ್ರೊಸೆಸರಿನ ಉಷ್ಣತೆ ತೆರೆಯ ಮೇಲೆ 95 ಡಿಗ್ರಿ, 100 ಡಿಗ್ರಿ ಎಂದು ತೋರಿಸುತ್ತಿರುವಾಗ ರೇಡಿಯೇಟರನ್ನು ಮುಟ್ಟಿ ನೋಡುವುದು ಯಾವ ಉಪಕರಣವನ್ನೂ ಬೇಡದ ಪರೀಕ್ಷೆ. ಅದು ತಣ್ಣಗಿದ್ದರೆ ಬಿಸಿಯು ಅಲ್ಲಿಯವರೆಗೆ ತಲುಪಿಲ್ಲವೆಂದೇ ಅರ್ಥ. ಒಂದೋ ಪಂಪು ತಿರುಗುತ್ತಿಲ್ಲ, ಇಲ್ಲವೇ ತಾಮ್ರದ ತಟ್ಟೆ ಪ್ರೊಸೆಸರಿಗೆ ಸರಿಯಾಗಿ ಅಂಟಿಲ್ಲ. ಈ ಎರಡನೆಯ ಕಾರಣದ ಹಿಂದೆ ಒಂದು ವಿಶಿಷ್ಟ ಪರಂಪರೆಯಿದೆ. ಹೊಸ ಕೂಲರಿನ ತಟ್ಟೆಗೆ ಗೀರು ಬೀಳದಿರಲೆಂದು ತಯಾರಕರು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದನ್ನು ತೆಗೆದ ಮೇಲೆಯೇ ಜೋಡಿಸಬೇಕೆಂದು ಅದರ ಮೇಲೆ ಬರೆದೂ ಇರುತ್ತಾರೆ. ಆದರೆ ಹೊಸ ಫ್ರಿಜ್ಜಿನ ಬಾಗಿಲಿನ, ಹೊಸ ರಿಮೋಟಿನ ಪ್ಲಾಸ್ಟಿಕ್ಕನ್ನು ಅದು ತಾನಾಗಿ ಸವೆದುಹೋಗುವವರೆಗೆ ಕಿತ್ತುಹಾಕದೆ ಕಾಪಾಡಿಕೊಳ್ಳುವ ಮನೆತನಗಳಲ್ಲಿ, ಆ ಹಾಳೆಯ ಮೇಲೆಯೇ ಥರ್ಮಲ್ ಪೇಸ್ಟನ್ನು (ಎರಡು ಲೋಹಗಳ ನಡುವಣ ಸಣ್ಣ ಸಂದುಗಳನ್ನು ತುಂಬಿ ಶಾಖವನ್ನು ದಾಟಿಸುವ ಬೂದುಬಣ್ಣದ ಮುಲಾಮನ್ನು) ಹಚ್ಚಿ ಕೂರಿಸುವುದು ಸಂಸ್ಕಾರಕ್ಕೆ ತಕ್ಕ ನಡವಳಿಕೆಯೇ ಆಗಿದೆ.

ಪಂಪು ತಿರುಗದಿರುವುದಕ್ಕೆ ಬಹಳ ಸಲ ಪಂಪು ಕಾರಣವಾಗಿರುವುದಿಲ್ಲ. ಮದರ್‌ಬೋರ್ಡಿನ ಮೇಲೆ ಫ್ಯಾನುಗಳಿಗೆಂದು ಇರುವ ನಾಲ್ಕು ಪಿನ್ನಿನ ಹಲವು ಸಾಕೆಟ್ಟುಗಳು ನೋಡಲು ಒಂದೇ ರೀತಿ ಇದ್ದರೂ ಅವುಗಳ ಸ್ವಭಾವ ಬೇರೆ ಬೇರೆ. ಕ್ಯಾಬಿನೆಟ್ ಫ್ಯಾನಿನ ಸಾಕೆಟ್ಟಿಗೆ ಪಂಪನ್ನು ಸಿಕ್ಕಿಸಿದರೆ, ಯಂತ್ರ ತಣ್ಣಗಿದೆಯೆಂದು ಬೋರ್ಡು ಅದರ ವೇಗವನ್ನು ತಗ್ಗಿಸಿಬಿಡುತ್ತದೆ, ಪಂಪಿಗೆ ಬೇಕಾದದ್ದೋ ಸದಾಕಾಲ ಪೂರ್ಣ ವೇಗ. ಪಂಪಿನ ಸಾಕೆಟ್ಟಿಗೆ ಅದನ್ನು ಕೊಟ್ಟು ಪ್ರೊಸೆಸರ್ ಫ್ಯಾನಿನ ಸಾಕೆಟ್ಟನ್ನು ಬರಿದಾಗಿ ಬಿಟ್ಟರೆ, ಅಲ್ಲಿಂದ ತಿರುಗುವಿಕೆಯ ಸುದ್ದಿ ಬಾರದೆ ಗಾಬರಿಗೊಂಡ ಬೋರ್ಡು ‘ಸಿಪಿಯು ಫ್ಯಾನ್ ಎರರ್’ ಎಂದು ಬರೆದು ಎಫ್1 ಒತ್ತುವಂತೆ ಕೋರುತ್ತದೆ. ಈ ಕೋರಿಕೆಯನ್ನು ಬೆಳಗಿನ ಪೂಜೆಯ ಒಂದು ಅಂಗವೆಂಬಂತೆ ವರ್ಷಗಟ್ಟಲೆ ನಡೆಸಿಕೊಂಡು ಬಂದ ಕಚೇರಿಗಳಿವೆ. ಅಲ್ಲಿಗೆ ಹೊಸದಾಗಿ ಸೇರಿದವರಿಗೆ ಮೊದಲು ಹೇಳಿಕೊಡುವ ಕೆಲಸವೂ ಅದೇ.

ಇನ್ನು ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದೇ ಪ್ರಸಿದ್ಧವಾದ ಪವರ್ ಸಪ್ಲೈ. ಗೋಡೆಯಿಂದ ಬರುವ 230 ವೋಲ್ಟಿನ ಏಸಿಯನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಇಳಿಸಿ ಹಂಚುವ ಈ ಡಬ್ಬಿಯಿಂದ ಹೊರಡುವ ಕೇಬಲ್ಲುಗಳಲ್ಲಿ ಬೋರ್ಡಿಗೆ 24 ಪಿನ್ನಿನದು, ಪ್ರೊಸೆಸರಿಗೆ 8 ಪಿನ್ನಿನದು, ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದು 8 ಪಿನ್ನಿನದು. ಈ ಎರಡು 8 ಪಿನ್ನುಗಳು ಅವಳಿಗಳಂತೆ ಕಂಡರೂ ಮೊದಲನೆಯದು ನಾಲ್ಕು ನಾಲ್ಕಾಗಿ ಸೀಳುತ್ತದೆ, ಎರಡನೆಯದು ಆರು ಎರಡಾಗಿ. ಒಳಗೆ 12 ವೋಲ್ಟ್ ಮತ್ತು ಗ್ರೌಂಡಿನ ಸ್ಥಾನಗಳೂ ಅದಲುಬದಲಾಗಿವೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲೆಂದು ರಂಧ್ರಗಳಲ್ಲಿ ಕೆಲವನ್ನು ಚೌಕವಾಗಿ, ಕೆಲವನ್ನು ಮೂಲೆ ಕತ್ತರಿಸಿ ಮಾಡಿರುತ್ತಾರೆ. ಆದರೆ ಸ್ವಲ್ಪ ಒತ್ತಿದರೆ ಕೂರುತ್ತದೆಂಬ ನಂಬಿಕೆ ಗಟ್ಟಿಯಾಗಿರುವ ಕಡೆ ಚೌಕ ಏನು ಮಾಡೀತು? ಇದಕ್ಕೆ ವಿರುದ್ಧವಾದ ದೋಷವೂ ಅಷ್ಟೇ ಸಾಮಾನ್ಯ: ಬೋರ್ಡು ಬಾಗುವುದನ್ನು ಕಂಡು ಹೆದರಿ 24 ಪಿನ್ನಿನದನ್ನು ಮುಕ್ಕಾಲು ಮಾತ್ರ ಒತ್ತಿ ಬಿಡುವವರು, ಅದರ ಕೊಕ್ಕೆ ‘ಟಕ್’ ಎಂದು ಬಿದ್ದ ಸದ್ದನ್ನು ಕೇಳಿಸಿಕೊಂಡಿರುವುದಿಲ್ಲ. 2022ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡುಗಳ ಜೊತೆ ಬಂದ, 600 ವಾಟ್‌ವರೆಗೆ ಹೊರಬಲ್ಲ 16 ಪಿನ್ನಿನ ಹೊಸ ಕನೆಕ್ಟರುಗಳು ಅಲ್ಲಲ್ಲಿ ಕರಗಿ ಸುದ್ದಿಯಾದಾಗಲೂ ತನಿಖೆಯಲ್ಲಿ ಹೊರಬಿದ್ದ ಮುಖ್ಯ ಕಾರಣಗಳಲ್ಲಿ ಒಂದು, ಪೂರ್ತಿ ಒಳಗೆ ಕೂರದ ಕನೆಕ್ಟರೇ.

ಎಲ್ಲಕ್ಕಿಂತ ದುಬಾರಿಯಾದ ಪಾಠ ಮಾಡ್ಯುಲರ್ ಪವರ್ ಸಪ್ಲೈಯದು, ಅಂದರೆ ಕೇಬಲ್ಲನ್ನು ಡಬ್ಬಿಯ ತುದಿಯಿಂದಲೂ ಕಳಚಬಹುದಾದ ಮಾದರಿಯದು. ಬೋರ್ಡಿನ ಕಡೆಯ ತುದಿಗೆ ಸರ್ವಸಮ್ಮತ ನಿಯಮವುಂಟು. ಡಬ್ಬಿಯ ಕಡೆಯ ತುದಿಗೆ ಅಂಥದ್ದೇನೂ ಇಲ್ಲ, ಪ್ರತಿಯೊಬ್ಬ ತಯಾರಕನೂ, ಕೆಲವೊಮ್ಮೆ ಒಬ್ಬನೇ ತಯಾರಕನ ಎರಡು ಮಾದರಿಗಳೂ, ಪಿನ್ನುಗಳನ್ನು ತಮಗೆ ತೋಚಿದ ಕ್ರಮದಲ್ಲಿ ಇಟ್ಟುಕೊಂಡಿರುತ್ತವೆ. ಹಳೆಯ ಡಬ್ಬಿ ಕೆಟ್ಟಾಗ ಡಬ್ಬಿಯನ್ನಷ್ಟೇ ಬದಲಿಸಿ, ಅಷ್ಟು ಕಷ್ಟಪಟ್ಟು ಕಟ್ಟಿದ ಕೇಬಲ್ಲುಗಳನ್ನು ಹಾಗೆಯೇ ಉಳಿಸಿಕೊಳ್ಳುವ ಮಿತವ್ಯಯದ ಬುದ್ಧಿ ಇಲ್ಲಿ ಮೋಸ ಹೋಗುತ್ತದೆ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂದರೆ ಹಾರ್ಡ್ ಡಿಸ್ಕುಗಳು, ಅವುಗಳೊಳಗಿನ ಮದುವೆಯ ಫೋಟೋಗಳ ಸಮೇತ, ಒಂದು ಕ್ಷಣದಲ್ಲಿ ತೀರಿಕೊಳ್ಳುತ್ತವೆ. ಇಷ್ಟಾದರೂ ಮಿಕ್ಕ ಕೇಬಲ್ಲನ್ನು ಎಸೆಯುವ ಮನೆ ನಾಡಿನಲ್ಲಿ ಇನ್ನೂ ಪತ್ತೆಯಾಗಿಲ್ಲ; ಎಲ್ಲ ತಲೆಮಾರಿನ ಕೇಬಲ್ಲುಗಳೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟ ಸೇರುತ್ತವೆ.

ಡಬ್ಬಿಗೆ ಜೀವವಿದೆಯೇ ಎಂದು ತಿಳಿಯಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪ್ರಚಲಿತವಿರುವ ಪರೀಕ್ಷೆಗೆ ಬೇಕಾದದ್ದು ಒಂದು ಜೆಮ್ ಕ್ಲಿಪ್. ಡಬ್ಬಿಯನ್ನು ಬೋರ್ಡಿನಿಂದ ಪೂರ್ತಿ ಬೇರ್ಪಡಿಸಿ, 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಕ್ಲಿಪ್ಪಿನಿಂದ ಕೂಡಿಸಿದರೆ, ಬೋರ್ಡೇ ‘ಏಳು’ ಎಂದು ಹೇಳಿತೆಂದು ನಂಬಿ ಡಬ್ಬಿ ಚಾಲೂ ಆಗುತ್ತದೆ. ತೊಡಕೆಂದರೆ, ಚೆಂದಕ್ಕಾಗಿ ಈಗ ಎಲ್ಲ ತಂತಿಗಳನ್ನೂ ಕಪ್ಪಾಗಿಯೇ ಮಾಡುವುದರಿಂದ ಹಸಿರು ತಂತಿ ಹೆಸರಿನಲ್ಲಷ್ಟೇ ಉಳಿದಿದ್ದು, ಎಣಿಸಿ 16ನೇ ಪಿನ್ನನ್ನು ಹಿಡಿಯಬೇಕಾಗುತ್ತದೆ. ಹೊರೆ ಕಡಿಮೆಯಿರುವಾಗ ಫ್ಯಾನನ್ನು ತಿರುಗಿಸದ ಡಬ್ಬಿಗಳೂ ಇರುವುದರಿಂದ, ಬದುಕಿರುವುದನ್ನು ಸತ್ತಿದೆಯೆಂದು ಘೋಷಿಸಿದ ಪ್ರಸಂಗಗಳಿಗೆ ಕೊರತೆಯಿಲ್ಲ. ಫ್ಯಾನು ತಿರುಗಿದ ಮಾತ್ರಕ್ಕೆ ಡಬ್ಬಿ ಹೊರೆ ಬಿದ್ದಾಗಲೂ ತಾಳಿಕೊಳ್ಳುತ್ತದೆಂಬ ಖಾತರಿಯೂ ಇಲ್ಲ.

ಇದೆಲ್ಲ ಸರಿಹೋದ ಮೇಲೂ ಎರಡು ದೂರುಗಳು ಉಳಿಯುತ್ತವೆ. ಮೊದಲನೆಯದು, ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೂಲರ್ ತಂಪು ಕೊಡುವುದಿಲ್ಲವೆಂಬುದು. ಗಾಳಿಗೆ ಬಿಸಿಯನ್ನು ಒಪ್ಪಿಸುವ ಯಾವ ಕೂಲರಿಗೂ ಕೋಣೆಯ ಗಾಳಿಗಿಂತ ತಣ್ಣಗಾಗುವ ಶಕ್ತಿಯಿಲ್ಲ, ಕೋಣೆ 40 ಡಿಗ್ರಿಯಿದ್ದರೆ ಅದರ ಲೆಕ್ಕ 40ರಿಂದಲೇ ಆರಂಭವಾಗುತ್ತದೆ. ಇದಕ್ಕೆ ದುರಸ್ತಿ ಇಲ್ಲ. ಎರಡನೆಯದು, ಕ್ಯಾಬಿನೆಟ್ಟಿನ ತಗಡನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಕೈ ಜುಮ್ಮೆನ್ನುವುದು. ನೀರು ಸೋರಿ ಕರೆಂಟು ಹರಿದಿದೆಯೆಂದು ಮನೆಯವರು ಕೂಡಲೇ ತೀರ್ಪು ಕೊಟ್ಟರೂ, ಕೂಲರಿಗೂ ಇದಕ್ಕೂ ಬಹುಮಟ್ಟಿಗೆ ಸಂಬಂಧವಿರುವುದಿಲ್ಲ. ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಇಟ್ಟಿರುವ ಕೆಪಾಸಿಟರುಗಳು ಅತಿ ಸಣ್ಣ ಕರೆಂಟೊಂದನ್ನು ತಗಡಿನ ಮೂಲಕ ಅರ್ಥಿಂಗಿಗೆ ಕಳಿಸುತ್ತವೆ, ಗೋಡೆಯ ಸಾಕೆಟ್ಟಿನ ದಪ್ಪ ರಂಧ್ರದ ಹಿಂದೆ ಅರ್ಥಿಂಗ್ ಇಲ್ಲದಿದ್ದರೆ ಅದು ಮನುಷ್ಯನ ಮೂಲಕ ನೆಲ ಸೇರುತ್ತದೆ. ಇದಕ್ಕೆ ಚಪ್ಪಲಿ ಹಾಕಿಕೊಂಡು ಕೂರುವುದೇ ಪರಿಹಾರವೆಂದು ಹಲವು ಮನೆಗಳು ಒಪ್ಪಿಕೊಂಡಿವೆ. ನಿಜವಾದ ಪರಿಹಾರವಿರುವುದು ಅಂಗಳದ ಮೂಲೆಯಲ್ಲಿ ಇದ್ದಿಲು, ಉಪ್ಪು ತುಂಬಿ ಹೂತ ಅರ್ಥಿಂಗ್ ಗುಂಡಿಯಲ್ಲಿ. ಬೇಸಿಗೆಯಲ್ಲಿ ಒಣಗಿದ ಆ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಹೊಯ್ಯಬೇಕು, ಆದರೆ ಹೊಯ್ಯಬೇಕಾದವರು ಮನೆಯ ಮಾಲೀಕರೋ ಬಾಡಿಗೆದಾರರೋ ಎಂಬುದನ್ನು ಬಾಡಿಗೆ ಕರಾರಿನಲ್ಲಿ ಯಾರೂ ಬರೆದಿರುವುದಿಲ್ಲ.