ಶ್ವಾನಶಾಸನ ಮೀಮಾಂಸೆ

ಇನ್ನು ಶ್ವಾನಶಾಸನದ ವಿಚಾರ. ಶ್ವಾನವೆಂದರೆ ನಾಲ್ಕು ಕಾಲು, ಒಂದು ಬಾಲ, ಒಬ್ಬ ಮಾಲೀಕ ಉಳ್ಳ ಪ್ರಾಣಿ. ಮಾಲೀಕನಿಲ್ಲದ್ದು ಬೀದಿನಾಯಿ, ಅದಕ್ಕೆ 2023ರ ಜನನ ನಿಯಂತ್ರಣ ನಿಯಮಗಳೇ ಬೇರೆ ಇರುವುದರಿಂದ ಪ್ರಕೃತ ಗ್ರಂಥದ ಹೊರಗೆ, ಗೇಟಿನ ಬಳಿ, ಮಲಗಿದೆ.

ಮಾಲೀಕರು ಮೂರು ಬಗೆ. ನೋಂದಣಿ ಮಾಡಿಸಿದವನು ಉತ್ತಮ. ಮಾಡಿಸಬೇಕು ಎಂದುಕೊಳ್ಳುತ್ತಲೇ ಇರುವವನು ಮಧ್ಯಮ. ಮೆಟ್ಟಿಲ ಕೆಳಗೆ ಕಟ್ಟಿದ ಹೆಣ್ಣುನಾಯಿಯಿಂದ ಬೆದೆಗೊಂದು ಸೂಲು ತೆಗೆದು, ಆಗತಾನೇ ಕಣ್ಣುಬಿಟ್ಟ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುವವನು ಅಧಮ. ಕಾನೂನು ಈ ಮೂವರಲ್ಲಿ ಯಾರನ್ನು ಹಿಡಿಯುತ್ತದೆ ಎಂಬುದೇ ಸಂಶಯ.

ಸೂತ್ರ 1: ದಾಖಲೆಯುಳ್ಳವನೇ ದಂಡಾರ್ಹನು.

ಭಾಷ್ಯ: ನಾಯಿತಳಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳು ಓದಲು ಸೊಗಸು. 18 ತಿಂಗಳು ತುಂಬುವ ಮೊದಲು, 8 ವರ್ಷ ದಾಟಿದ ಮೇಲೆ ಮರಿ ಹಾಕಿಸಕೂಡದು. ಜೀವಮಾನಕ್ಕೆ 5 ಸೂಲು. 8 ವಾರ ತುಂಬದ ಮರಿ ಮಾರಕೂಡದು. ಯಾವ ನಾಯಿಯೂ ಇದಕ್ಕೆ ತಕರಾರು ತೆಗೆಯದು. ಆದರೆ ತಪಾಸಣೆಗೆ ವಿಳಾಸ ಬೇಕು, ವಿಳಾಸಕ್ಕೆ ರಿಜಿಸ್ಟರು ಬೇಕು, ರಿಜಿಸ್ಟರಿನಲ್ಲಿ ಇರುವವನು ಉತ್ತಮನೊಬ್ಬನೇ. ಆದ್ದರಿಂದ ನೀರಿನ ಬಟ್ಟಲು ಪಾಚಿಗಟ್ಟಿರುವುದು ಅವನ ಮನೆಯಲ್ಲಿ ಮಾತ್ರ ಪತ್ತೆಯಾಗುತ್ತದೆ.

ಇದನ್ನು ಗಣಿತದಿಂದಲೂ ಸಾಧಿಸಬಹುದು. ತಳಿಗಾರನ ನೋಂದಣಿ ಶುಲ್ಕ 5000 ರೂಪಾಯಿ, ಮರಳಿ ಸಿಗದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ಅಪರಾಧಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ. ಅಂದರೆ ನೂರು ಮಂದಿ ಅಧಮರು ತಲಾ ಒಂದು ನಾಯಿಗೆ ಹೊಡೆದು, ಎಲ್ಲರೂ ಸಿಕ್ಕಿಬಿದ್ದು, ಎಲ್ಲರೂ ಪೂರ್ತಿ ದಂಡ ಕಟ್ಟಿದರೆ ಒಬ್ಬ ಉತ್ತಮನ ಸದಾಚಾರದ ಖರ್ಚಿಗೆ ಸಮ.

ಸೂತ್ರ 2: ಕಚ್ಚುವುದು ಹಲ್ಲಲ್ಲ, ಗೋತ್ರ.

ಭಾಷ್ಯ: 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಸುತ್ತೋಲೆಯೊಂದು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ಉಗ್ರವೆಂದು ಸಾರಿತು. ಮಾರಾಟಕ್ಕೂ ಸಾಕಣೆಗೂ ಲೈಸೆನ್ಸ್ ಇಲ್ಲ. ಮನೆಯಲ್ಲಿ ಈಗಾಗಲೇ ಇರುವವಕ್ಕೆ ಸಂತಾನಹರಣ. ಹಿಂದಿನ ರಾತ್ರಿ ಗುಡುಗಿಗೆ ಹೆದರಿ ಮಂಚದಡಿ ಸೇರಿದ್ದ ರಾಟ್‌ವೀಲರ್ ಬೆಳಗಾಗುವಷ್ಟರಲ್ಲಿ ಉಗ್ರಪಟ್ಟಕ್ಕೇರಿತು. ಪಟ್ಟಿಯಲ್ಲಿ ಮಿಶ್ರತಳಿಗಳೂ ಸೇರಿದ್ದರಿಂದ ಕಂತ್ರಿನಾಯಿಗೂ ಪ್ರವರ ಒಪ್ಪಿಸುವ ಯೋಗ ಬಂತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂದು ಸುತ್ತೋಲೆಯನ್ನು ರದ್ದುಮಾಡಿತು. ನಾಯಿ ಮತ್ತೆ ಮಂಚದಡಿ ಸೇರಿತು.

ಸೂತ್ರ 3: ಸ್ವರ್ಗಕ್ಕೂ ಒಬ್ಬ ಸೆಕ್ರೆಟರಿ ಉಂಟು.

ಭಾಷ್ಯ: ನಾಯಿಯ ಪ್ರವೇಶದ ವಿಷಯದಲ್ಲಿ ಲಭ್ಯವಿರುವ ಅತಿ ಪ್ರಾಚೀನ ಪ್ರಕರಣ ಧರ್ಮರಾಯನದು. ಬಾಗಿಲಲ್ಲಿ ನಿಂತ ಇಂದ್ರ, ನಾಯಿಗೆ ಪ್ರವೇಶವಿಲ್ಲ ಎಂದ. ಬೆಂಗಳೂರು ಮಹಾನಗರ ಪಾಲಿಕೆ 2018ರಲ್ಲಿ ತಂದ, ಜನ ಗದ್ದಲವೆಬ್ಬಿಸಿದ ಮೇಲೆ ತಡೆಹಿಡಿಯಲ್ಪಟ್ಟ ಉಪವಿಧಿಯ ಪ್ರಕಾರ ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ. ಧರ್ಮರಾಯನ ಹಿಂದೆ ಬಂದದ್ದು ಒಂದೇ, ಮಿತಿಯೊಳಗೇ ಇದ್ದ. ನಿವಾಸಿ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ಅವನ ಕೈಯಲ್ಲಿರಲಿಲ್ಲ. ಇದ್ದಿದ್ದರೂ ಲಿಫ್ಟಿನ ವಿಚಾರ ಮುಂದಿನ ಸಭೆಗೆ ಹೋಗುತ್ತಿತ್ತು.

ಪೂರ್ವಪಕ್ಷ: ಹಾಗಾದರೆ ಕಾನೂನೇ ಬೇಡವೇ? ನಾಳೆ ಮಗುವಿಗೆ ಕಚ್ಚಿದರೆ?

ಸಿದ್ಧಾಂತ: ಬೇಕು, ಇದೆ, ಹಳೆಯದೇ ಇದೆ. 1860ರ ದಂಡಸಂಹಿತೆಯ 289ನೇ ಕಲಮು, ಈಗಿನ ನ್ಯಾಯ ಸಂಹಿತೆಯ 291, ಕೇಳುವುದು ಒಂದೇ ಪ್ರಶ್ನೆ: ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸಿದೆಯಾ? ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಳಿ ಕೇಳುವುದಿಲ್ಲ, ಬಾಲ ಅಳೆಯುವುದಿಲ್ಲ. ಆದರೆ ಈ ಕಲಮನ್ನು ಪ್ರಯೋಗಿಸಲು ಬೀದಿಗಿಳಿದು, ಚೈನು ಹಿಡಿದು ಹೋಗಿ, ಅದರ ಇನ್ನೊಂದು ತುದಿಯಲ್ಲಿರುವ ಮನುಷ್ಯನನ್ನು ನೋಡಬೇಕು. ಸುತ್ತೋಲೆಯನ್ನಾದರೆ ಕುರ್ಚಿಯಲ್ಲಿ ಕೂತೇ ಹೊರಡಿಸಬಹುದು.

ಫಲಶ್ರುತಿ: ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸುವ ಉತ್ತಮನಿಗೆ ನವೀಕರಣದ ನೋಟೀಸೂ, ಮಧ್ಯಮನಿಗೆ ಅರ್ಜಿಯ ನಮೂನೆಯೂ, ಪಠಿಸದ ಅಧಮನಿಗೆ ಎಂದಿನಂತೆ ಆರು ಮರಿಗಳೂ ಪ್ರಾಪ್ತವಾಗುವವು.