ಹೊಸ ಅಗ್ರಹಾರದ ಕ್ಯಾಸೆಟ್ ಶಾಸನ: ಪಾಠ, ಪಾಠಾಂತರ ಮತ್ತು ಹಳದಿ ತ್ರಿಕೋನದ ಸಮಸ್ಯೆ

ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳಿವೆ. ಆ ಎಡತೊರೆಯೇ ಈಗಿನ ಕೃಷ್ಣರಾಜನಗರ. ಅದೇ ತಾಲ್ಲೂಕಿನ ಹೊಸ ಅಗ್ರಹಾರದ ಪ್ರಸ್ತುತ ಶಾಸನ ಮಾತ್ರ ಸಂಪುಟದಲ್ಲಿ ಸೇರಿಲ್ಲ. ಇದಕ್ಕಾಗಿ ರೈಸ್ ಅವರನ್ನು ದೂರುವುದು ತರವಲ್ಲ. ಶಾಸನದ ಕಾಲ ಕ್ರಿ.ಶ. 1993. ಇದನ್ನು ಬರೆದ ವಿ.ಎಚ್.ಎಸ್. ಪದ್ಧತಿ ಜಪಾನಿನಲ್ಲಿ ಹುಟ್ಟಿದ್ದೇ 1976ರಲ್ಲಿ.

ಶಾಸನ ದೊರೆತದ್ದು ಅಡುಗೆಮನೆಯ ಅಟ್ಟದ ಮೇಲೆ, ತಳ ಹೋದ ಹಿತ್ತಾಳೆ ಹಂಡೆಯೊಳಗೆ. ಉದ್ದ 18.7 ಸೆಂ.ಮೀ., ಅಗಲ 10.3, ದಪ್ಪ 2.5. ಒಳಗೆ ಅರ್ಧ ಇಂಚಿನ ಕಪ್ಪು ಪಟ್ಟಿ. ಲಿಪಿ ಅಯಸ್ಕಾಂತೀಯ, ಬರಿಗಣ್ಣಿಗೆ ಕಾಣದು. ಹೊರಮೈಯಲ್ಲಿ ಬಾಲ್‌ಪೆನ್ನಿನ ಒಂದೇ ಸಾಲು: ‘ಮದುವೆ. ಅಳಿಸಬೇಡಿ.’ ಬೆನ್ನಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಚಿಪ್ಪನ್ನು ಮುರಿದಿದ್ದಾರೆ. ಅದನ್ನು ಮುರಿದರೆ ಮೇಲೆ ಇನ್ನೊಂದು ರೆಕಾರ್ಡಿಂಗ್ ಆಗದು. ಕಲ್ಲಿನ ಶಾಸನದಲ್ಲಿ ಅಳಿಸಿದವರಿಗೆ ತಗಲಲೆಂದು ಬರೆದ ಗಂಗೆಯ ತಡಿಯ ಗೋಹತ್ಯೆಯ ಪಾಪ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಚಿಪ್ಪು ಮಾಡುತ್ತದೆ. ಆದರೆ ಮುರಿದ ಜಾಗಕ್ಕೆ ಯಾರೋ ನೀಟಾಗಿ ಸೆಲೊಟೇಪು ಅಂಟಿಸಿದ್ದಾರೆ. ಅಂದರೆ ಶಾಪಕ್ಕೆ ಹೆದರದ ಅರಸನೊಬ್ಬ ಈ ಮನೆಯಲ್ಲಿ ಆಳಿ ಹೋಗಿದ್ದಾನೆ. ಅವನ ವಿಚಾರ ಮುಂದೆ ಬರುತ್ತದೆ.

ಓದುವ ಯಂತ್ರವೇ ಈಗ ಅಪರೂಪ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಹುಟ್ಟಿಲ್ಲ. ಹುಣಸೂರಿನಿಂದ ಎರವಲು ತಂದ ಡೆಕ್ಕಿನ ಹೆಡ್ಡನ್ನು ಗರಿಗರಿ ನೋಟಿನಿಂದ ಉಜ್ಜಬೇಕೆಂದು ಹಿರಿಯರ ಮತ. ಐಸೊಪ್ರೊಪೈಲ್ ಆಲ್ಕೊಹಾಲ್ ಉತ್ತಮವೆಂದು ಕಿರಿಯರ ಮತ. ಪ್ರಸ್ತುತ ಸಂಶೋಧಕ ಕಿರಿಯರ ಪಕ್ಷ. ನೋಟಿನ ಬೆಲೆಯೂ ಒಂದು ಕಾರಣ.

ಮೊದಲ ವಾಚನದಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಬಂದು ಮೇಲಕ್ಕೆ ಉರುಳತೊಡಗಿತು. ಪೂರ್ವಪಕ್ಷ: ಇದು 1960ರ ದಶಕದ ಮದುವೆ. ಶಾಸನೋಕ್ತ ವಧು, ಈಗ ಅಜ್ಜಿ, ತಲೆಬಾಗಿಲಲ್ಲಿ ನಿಂತು ತೀರ್ಪಿತ್ತರು: ‘ನಂದು ಗಿಳಿಹಸ್ರು ಸೀರೆ ಕಣಪ್ಪ. ಇದ್ಯಾರ್ದೋ ಬೇರೆಯೋರ ಮದ್ವೆ, ಆಫ್ ಮಾಡು.’ ಸಿದ್ಧಾಂತ: 1982ರ ಏಷ್ಯನ್ ಕ್ರೀಡಾಕೂಟದ ವರ್ಷ ನಮ್ಮ ದೂರದರ್ಶನಕ್ಕೆ ಬಣ್ಣ ಬಂದದ್ದು ಪಾಲ್ ಪದ್ಧತಿಯಲ್ಲಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ಡೆಕ್ಕಿನ ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸುವ ಕ್ಯಾಪ್ಚರ್ ತಂತ್ರಾಂಶವು ಯಾರನ್ನೂ ಕೇಳದೆ ಅಮೆರಿಕದ 525 ಗೆರೆಯ ಎನ್.ಟಿ.ಎಸ್.ಸಿ. ಹಿಡಿದು ಕುಳಿತಿತ್ತು. ‘ಪಾಲ್ ಬಿ’ ಎಂದು ಬದಲಿಸಿದೊಡನೆ ಸೀರೆ ಗಿಳಿಹಸಿರಾಯಿತು, ಅಜ್ಜಿ ಕುರ್ಚಿ ಎಳೆದುಕೊಂಡರು.

ಇನ್ನು ಈ ಪ್ರಬಂಧದ ಹೃದಯಭಾಗವಾದ ಹಳದಿ ತ್ರಿಕೋನ. ಮೇಲಿನ ವಾಚನ ನಡೆದದ್ದು ವಿಂಡೋಸ್ 7ರ ಮುದಿ ಲ್ಯಾಪ್‌ಟಾಪಿನಲ್ಲಿ. ಅದು ಬಿಸಿಯಾಗಿ ನಿಂತಿತು. ಮೊಮ್ಮಗನ ಹೊಸ ಲ್ಯಾಪ್‌ಟಾಪು ಬಂತು, ಅದರಲ್ಲಿ ವಿಂಡೋಸ್ 11. ಬೆರಳುದ್ದದ ಯು.ಎಸ್.ಬಿ. ಕ್ಯಾಪ್ಚರ್ ಸಾಧನವನ್ನು ಸಿಕ್ಕಿಸಿದರೆ ಡಿವೈಸ್ ಮ್ಯಾನೇಜರಿನಲ್ಲಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ. ಭಾಷ್ಯ: ಕೋಡ್ 28, ‘ಡ್ರೈವರ್ ಇಲ್ಲ’. ಡ್ರೈವರ್ ಉಂಟು, ಸಾಧನದ ಡಬ್ಬಿಯಲ್ಲಿದ್ದ ಅಂಗೈಯಗಲದ ಸಿ.ಡಿ.ಯಲ್ಲಿ. ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ನುಂಗುವ ಬಾಯಿಯೇ ಇಲ್ಲ. ಹೇಗೋ ನಕಲು ಮಾಡಿ ತಂದರೆ ಭಾಷ್ಯ ಬದಲಾಯಿತು: ಕೋಡ್ 52, ‘ಡ್ರೈವರ್ ಇದೆ, ಸಹಿಯನ್ನು ನಂಬಲಾಗುವುದಿಲ್ಲ’. ಪತ್ರವಿದ್ದರೂ ಸಹಿ ಸರಿಯಿಲ್ಲವೆಂದು ವಾಪಸು ಕಳಿಸುವ ಈ ಸಂಪ್ರದಾಯ ತಾಲ್ಲೂಕು ಕಚೇರಿಯಿಂದ ಹೊರಟು ಇಷ್ಟು ದೂರ ಹಬ್ಬಿರುವುದನ್ನು ಇತಿಹಾಸಕಾರರು ಗಮನಿಸಬೇಕು. ಸಹಿ ಇದ್ದವರಿಗೂ ಇನ್ನೊಂದು ಕಾವಲಿದೆ. ಕೋರ್ ಐಸೋಲೇಷನ್ ಎಂಬ ಕೋಟೆಯ ಮೆಮೊರಿ ಇಂಟೆಗ್ರಿಟಿ ಎಂಬ ಬಾಗಿಲು ಹಳೆಯ ಡ್ರೈವರುಗಳನ್ನು ಕಂಡೊಡನೆ ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆದಿಟ್ಟು ಮಲಗುವುದು ಜಾಣತನವಲ್ಲ.

ಇಲ್ಲಿ ವಂಶಶೋಧನೆ ಬೇಕು. ಹೊರಗೆ ಒಂದೇ ಅಚ್ಚಿನ ಈ ಸಾಧನಗಳ ಒಳಗೆ ಎಸ್.ಟಿ.ಕೆ. 1160, ಇ.ಎಂ. 2860, ಎಸ್.ಎಂ.ಐ. 2021, ಯು.ಟಿ.ವಿ. 007 ಎಂಬ ಬೇರೆ ಬೇರೆ ಗೋತ್ರದ ಚಿಪ್ಪುಗಳಿರುತ್ತವೆ. ಒಂದರ ಡ್ರೈವರ್ ಇನ್ನೊಂದಕ್ಕೆ ಸಲ್ಲದು. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐ.ಡಿ. ನೋಡಿ ಗೋತ್ರ ನಿರ್ಣಯಿಸಿಕೊಂಡೇ ಡ್ರೈವರ್ ಹುಡುಕಬೇಕು. ಇಷ್ಟೆಲ್ಲ ಬೇಡವೆನ್ನುವವರಿಗೆ ಪರಿಹಾರ ಪುಕ್ಕಟೆ. ಈ ನಾಲ್ಕರಲ್ಲಿ ಎಸ್.ಎಂ.ಐ. ಬಿಟ್ಟು ಉಳಿದ ಮೂರಕ್ಕೂ ಲಿನಕ್ಸ್ ಕರ್ನಲ್ಲಿನಲ್ಲೇ ಡ್ರೈವರ್ ಇದೆ. ಮೂಲೆಗೆ ಬಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ಸಹಿಯ ಮಾತೇ ಬರುವುದಿಲ್ಲ. ಇಷ್ಟು ಸುಲಭದ್ದನ್ನು ಕೊನೆಗೆ ಹೇಳುವುದು ಪ್ರಬಂಧಶಾಸ್ತ್ರದ ನಿಯಮ.

ಗೋತ್ರಕ್ಕೊಪ್ಪುವ ಡ್ರೈವರ್ ಸಿಕ್ಕಿ ವಿಂಡೋಸಿನಲ್ಲಿ ತ್ರಿಕೋನ ಅಳಿದ ಮೇಲೂ ಪರದೆ ಕಪ್ಪಗೇ ಇತ್ತು. ಕೇಬಲ್ಲು, ಡೆಕ್ಕು, ದೃಷ್ಟಿದೋಷ ಎಲ್ಲವನ್ನೂ ಶಂಕಿಸಿದ್ದಾಯಿತು. ನಿಂಬೆಹಣ್ಣನ್ನೂ ನಿವಾಳಿಸಿದರು. ನಿಜವಾದ ಕಾರಣ: ಹೊಸ ಸಿಸ್ಟಂ ಈ ಸಾಧನವನ್ನು ಕ್ಯಾಮೆರಾ ಎಂದು ಬಗೆಯುತ್ತದೆ. ಪ್ರೈವೆಸಿ ಸೆಟ್ಟಿಂಗಿನಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಕ್ಯಾಮೆರಾ ಅನುಮತಿ ಕೊಡದಿದ್ದರೆ ಏನೂ ಹೇಳದೆ ಕಪ್ಪು ತೋರಿಸುತ್ತದೆ. ಆ್ಯಪಲ್‌ನವರೂ 2018ರ ಮೊಹಾವೆಯಿಂದ ಇದೇ ಅನುಮತಿ ಕೇಳುತ್ತಿದ್ದಾರೆ. ವಧೂವರರನ್ನು ಯಾರೋ ಕದ್ದು ನೋಡುತ್ತಿದ್ದಾರೆಂದು ಗುಮಾನಿಪಟ್ಟು, ಅವರ ಮಾನ ಕಾಪಾಡಲು ಯಂತ್ರ ಮದುವೆಯನ್ನೇ ತಡೆದಿತ್ತು.

ಶಾಸನದ ಉತ್ತರಾರ್ಧದಲ್ಲಿ ನವದಂಪತಿ ಚುಂಚನಕಟ್ಟೆಗೆ ಹೋಗುತ್ತಾರೆ. ಅಲ್ಲಿಂದ ಧ್ವನಿ ಪೂರ್ತಿ ಲುಪ್ತ. ಕೋದಂಡರಾಮನ ಗರ್ಭಗುಡಿಯಲ್ಲಿ ಜಲಪಾತದ ಸದ್ದು ಕೇಳಿಸುವುದಿಲ್ಲವೆಂಬ ಸ್ಥಳಪುರಾಣವನ್ನು ಮನೆಯವರು ಕೂಡಲೇ ಪ್ರಮಾಣವಾಗಿ ಮುಂದಿಟ್ಟರು. ‘ಸ್ವಾಮಿ ಮಹಿಮೆ, ಕ್ಯಾಸೆಟ್ಟಿಗೂ ಬಂದದೆ’ ಎಂದು ದೊಡ್ಡಪ್ಪ ಕೈಮುಗಿದರು. ಡೆಕ್ಕಿನ ಹಿಂದೆ ಬಿಳಿ ಪಿನ್ನು ಅರ್ಧ ಕಳಚಿಕೊಂಡಿತ್ತು. ಅದನ್ನು ಒತ್ತಿದಾಗ ಜಲಪಾತ ಭೋರ್ಗರೆಯಿತು. ದೊಡ್ಡಪ್ಪನವರ ಮತವನ್ನು ಗೌರವಪೂರ್ವಕವಾಗಿ ಅಡಿಟಿಪ್ಪಣಿಗೆ ಸೇರಿಸಲಾಗಿದೆ.

ಎಲ್ಲಕ್ಕಿಂತ ಗಂಭೀರ ಪಾಠದೋಷ ಮುಹೂರ್ತದಲ್ಲಿದೆ. ತಾಳಿ ಮೊದಲು ಕಟ್ಟಲಾಗುತ್ತದೆ, ಗಟ್ಟಿಮೇಳ ಆಮೇಲೆ ಮೊಳಗುತ್ತದೆ. ಪುರೋಹಿತರು ತಪ್ಪಿದರೇ? ಇಲ್ಲ. ಹಳೆಯ ಟೇಪಿನ ಸಿಗ್ನಲ್ ಅಲುಗಿದಾಗ ಸಾಧನ ಕೆಲವು ಚಿತ್ರಗಳನ್ನು ಕೈಬಿಡುತ್ತದೆ. ಧ್ವನಿಯ ಗಡಿಯಾರ ಬೇರೆ, ಅದು ತನ್ನ ಪಾಡಿಗೆ ಓಡುತ್ತದೆ. ಮೊದಲರ್ಧದ ಕಳವೆಲ್ಲ ಕೂಡಿ ಮುಹೂರ್ತದ ಹೊತ್ತಿಗೆ ಎದ್ದು ಕಾಣುತ್ತದೆ. ಈ ಅಲುಗಾಟವನ್ನು ತಿದ್ದುವ ಟೈಮ್ ಬೇಸ್ ಕರೆಕ್ಟರ್ ಇದ್ದರೆ ಒಳ್ಳೆಯದು, ಅದು ದುಬಾರಿ. ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಹಳೆಯ ಡಿ.ವಿ.ಡಿ. ರೆಕಾರ್ಡರೊಂದನ್ನು ಸೇರಿಸಿದರೂ ಎಷ್ಟೋ ಸಲ ಸಿಗ್ನಲ್ ನೆಟ್ಟಗಾಗುತ್ತದೆ. ಚಿತ್ರದ ತಳದಲ್ಲಿ ಚಾಪೆಯ ಕುಚ್ಚಿನಂತೆ ಅಲುಗುವುದು ಹೆಡ್ ಬದಲಾಗುವ ಗುರುತು, ಚಾಪೆಯಲ್ಲ. ಅದನ್ನು ಹಾಗೇ ಬಿಡಿ.

ಭಾವನವರು ಕೊಟ್ಟ ಪೆನ್‌ಡ್ರೈವಿನಲ್ಲಿ ರೆಕಾರ್ಡಿಂಗು ಮೂರೂವರೆ ನಿಮಿಷಕ್ಕೇ ನಿಂತಿತು. ಕಂಪ್ರೆಸ್ ಮಾಡದೆ ಹಿಡಿದ 720ಕ್ಕೆ 576ರ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 20 ಎಂ.ಬಿ. ಬೇಕು, ಗಂಟೆಗೆ 75 ಜಿ.ಬಿ. ಫ್ಯಾಟ್32 ಪೆನ್‌ಡ್ರೈವು 4 ಜಿ.ಬಿ.ಗಿಂತ ದೊಡ್ಡ ಫೈಲನ್ನು ಒಲ್ಲದು. ಕಳಶ ಹೊತ್ತವರು ಬಂದರು, ವಧು ಬರಲಿಲ್ಲ. ಡ್ರೈವನ್ನು ಎನ್.ಟಿ.ಎಫ್.ಎಸ್.ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಬಂದಳು.

ಸೆಲೊಟೇಪಿನ ಅರಸನ ಗುರುತೂ ಸಿಕ್ಕಿತು. ಧಾರೆಯ ನಡುಮಧ್ಯೆ ಚಿತ್ರ ಜಿಗಿದು ದೂರದರ್ಶನದ ಭಾನುವಾರದ ಸಿನಿಮಾ ಶುರುವಾಗುತ್ತದೆ, ಜಾಹೀರಾತು ಸಮೇತ. ಅದು ಮುಗಿದಾಗ ಊಟದ ಪಂಕ್ತಿ ಎದ್ದಿರುತ್ತದೆ. ಆ ಅವಧಿಯಲ್ಲಿ ಯಾರು ಏನು ಉಡುಗೊರೆ ಕೊಟ್ಟರು ಎಂಬ ದಾನಭಾಗವೆಲ್ಲ ತ್ರುಟಿತ. ಚಿಕ್ಕಪ್ಪನವರು ತಾವು ಉಂಗುರ ಕೊಟ್ಟಿದ್ದಾಗಿ ಹೇಳುತ್ತಾರೆ. ಟೇಪು ಅಂಟಿಸಿದವರೂ ಅವರೇ ಎಂದು ಅಜ್ಜಿಯ ಗುಮಾನಿ.

ಪಾಠ ಪೂರ್ಣಗೊಳ್ಳಲು ಎರಡನೆಯ ಪ್ರತಿ ಅಗತ್ಯ. ಅದು ಪಿರಿಯಾಪಟ್ಟಣದ ಬೀಗರ ಮನೆಯಲ್ಲಿದೆಯೆಂದು ತಿಳಿದಿದೆ. ಬೀಗರಲ್ಲಿ, ಇಂಥ ಕ್ಯಾಸೆಟ್ ಇಟ್ಟುಕೊಂಡ ಎಲ್ಲರಲ್ಲಿ ಒಂದು ವಿನಂತಿ: ಮೈಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯಲ್ಲಿ ಇಣುಕಿ ನೋಡಿ. ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಬೇಡಿ. ಹಾಕಿದರೆ ಬೂಷ್ಟು ಹೆಡ್ಡಿಗೆ ಅಂಟಿ, ಆಮೇಲೆ ಹಾಕಿದ ಕ್ಯಾಸೆಟ್ಟುಗಳಿಗೆಲ್ಲ ಹರಡುತ್ತದೆ.